ಗುಳ್ಳೆಯೊಳಗಿನ ಹುಡುಗ

ಮಕ್ಕಳೇ, ವುಡ್‌ಲ್ಯಾಂಡ್ಸ್‌ನಲ್ಲಿರುವ ಡೇವಿಡ್ ಎಲಿಮೆಂಟರಿ ಶಾಲೆಗೆ ಆ ಹೆಸರು ಬಂದದ್ದು ಡೇವಿಡ್ ವೆಟ್ಟರ್‌ನಿಂದ. 1971ರಲ್ಲಿ ಹೂಸ್ಟನ್‌ನಲ್ಲಿ ಹುಟ್ಟಿದ ಅವನಿಗೆ ರೋಗನಿರೋಧಕ ಶಕ್ತಿಯೇ ಇರಲಿಲ್ಲ. ಪ್ಲಾಸ್ಟಿಕ್ ಗುಳ್ಳೆಯೊಳಗೇ ಬೆಳೆದ. 1984ರಲ್ಲಿ, 12ನೇ ವಯಸ್ಸಿನಲ್ಲಿ ತೀರಿಕೊಂಡ.

ಕಾರಣವಾದ ಜೀನ್ ದೋಷ 1993ರಲ್ಲಿ ಪತ್ತೆಯಾಯಿತು. ಸರಿಯಾದ ಜೀನನ್ನು ಜೀವಕೋಶಕ್ಕೆ ತಲುಪಿಸಲು, ರೋಗ ಹರಡದಂತೆ ತಿದ್ದಿದ ವೈರಸ್ಸೇ ಅಂಚೆಯಣ್ಣನಾಯಿತು. ಆದರೆ ಮನೆಯವರು ಮಲಗಿದ್ದರೆ ಬಾಗಿಲು ತೆರೆಯುವವರು ಯಾರು? ಆ ವೈರಸ್ಸಿನ ಕೆಲಸ ವಿಭಜನೆಯಾಗುವ ಕೋಶಗಳಲ್ಲಿ ಮಾತ್ರ ನಡೆಯುತ್ತಿತ್ತು. ಹಾಗಾಗಿ ಪ್ಯಾರಿಸ್‌ನ ವೈದ್ಯರು ಮಕ್ಕಳ ಮೂಳೆಮಜ್ಜೆಯ ಕೋಶಗಳನ್ನು ಪ್ರೋಟೀನುಗಳಿಂದ ಮೊದಲು ಎಚ್ಚರಿಸಿ, ಆಮೇಲೆ ವೈರಸ್ ಸೇರಿಸಿದರು. 2000ದಲ್ಲಿ ಯಶಸ್ಸಿನ ಸುದ್ದಿ ಬಂತು. ಮುಂದೆ ಕೆಲವು ಮಕ್ಕಳಿಗೆ ರಕ್ತದ ಕ್ಯಾನ್ಸರ್ ಬಂದಾಗ, ವೈರಸ್ಸನ್ನು ಇನ್ನಷ್ಟು ಸುರಕ್ಷಿತವಾಗಿ ತಿದ್ದಬೇಕಾಯಿತು.

ಇಂದು ಟೆಕ್ಸಾಸ್‌ನಲ್ಲಿ ಹುಟ್ಟುವ ಮಕ್ಕಳ ಹಿಮ್ಮಡಿಯಿಂದ ತೆಗೆಯುವ ರಕ್ತದ ಹನಿಯಲ್ಲಿ ಡೇವಿಡ್‌ನ ಕಾಯಿಲೆಯನ್ನೂ ಹುಡುಕುತ್ತಾರೆ.