ಕ್ವೆರ್ಸೆಟಿನ್ ಮತ್ತು ಶಾಖದ ಒತ್ತಡ

ಕ್ವೆರ್ಸೆಟಿನ್ ಎಂಬುದು ಈರುಳ್ಳಿ, ಸೇಬು, ಚಹಾ ಮೊದಲಾದವುಗಳಲ್ಲಿರುವ ಹಳದಿ ಬಣ್ಣದ ಒಂದು ಸಸ್ಯಜನ್ಯ ಸಂಯುಕ್ತ. ಇದು ಫ್ಲೇವನಾಯ್ಡ್‌ಗಳ ವರ್ಗಕ್ಕೆ ಸೇರಿದೆ. ಓಕ್ ಮರಗಳ ತೋಪು ಎಂಬ ಅರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ. ಉತ್ಕರ್ಷಣ ನಿರೋಧಕ, ಅಂದರೆ ಆಂಟಿಆಕ್ಸಿಡೆಂಟ್ ಎಂದು ಪ್ರಸಿದ್ಧವಾಗಿರುವ ಇದನ್ನು ಮಾತ್ರೆಯ ರೂಪದಲ್ಲಿಯೂ ಮಾರಲಾಗುತ್ತದೆ. ಆದರೆ ಅಧಿಕ ಪ್ರಮಾಣದಲ್ಲಿ ಸೇವಿಸಿದಾಗ, ದೇಹವು ಶಾಖಕ್ಕೆ ಒಗ್ಗಿಕೊಳ್ಳುವ ಕ್ರಿಯೆಗೆ ಇದು ಅಡ್ಡಿಯಾಗಬಹುದೆಂದು ಪ್ರಯೋಗಗಳು ಸೂಚಿಸಿವೆ.

ಶಾಖಕ್ಕೆ ಒಗ್ಗಿಕೊಳ್ಳುವಿಕೆ

ಬಿಸಿ ವಾತಾವರಣದಲ್ಲಿ ಪ್ರತಿದಿನ ಶ್ರಮಿಸುವವರ ದೇಹವು ಸುಮಾರು ಒಂದೆರಡು ವಾರಗಳಲ್ಲಿ ಅದಕ್ಕೆ ಹೊಂದಿಕೊಳ್ಳುತ್ತದೆ. ಬೆವರು ಬೇಗ ಸುರಿಯತೊಡಗುತ್ತದೆ, ರಕ್ತದ ದ್ರವಾಂಶ ಹೆಚ್ಚುತ್ತದೆ, ಹೃದಯ ಬಡಿತದ ವೇಗ ತಗ್ಗುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಬದಲಾವಣೆ ಜೀವಕೋಶಗಳೊಳಗೆ ನಡೆಯುತ್ತದೆ. ಅಲ್ಲಿ ಶಾಖಾಘಾತ ಪ್ರೋಟೀನ್‌ಗಳು ಹೆಚ್ಚಾಗಿ ತಯಾರಾಗಿ, ಬಿಸಿಯಿಂದ ರೂಪಗೆಟ್ಟ ಇತರ ಪ್ರೋಟೀನ್‌ಗಳನ್ನು ಸರಿಪಡಿಸುತ್ತವೆ. ಇಟಲಿಯ ವಿಜ್ಞಾನಿ ಫೆರುಚ್ಚೊ ರಿಟೊಸ್ಸಾ ಹಣ್ಣುನೊಣಗಳಲ್ಲಿ ಗುರುತಿಸಿ 1962ರಲ್ಲಿ ಪ್ರಕಟಿಸಿದ ಶಾಖಪ್ರತಿಕ್ರಿಯೆಯೇ ಈ ಅರಿವಿನ ಮೂಲ.

ಕರುಳಿನ ಒಳಪದರವನ್ನು ಕಾಯುವುದರಲ್ಲಿ ಈ ಪ್ರೋಟೀನ್‌ಗಳ ಪಾತ್ರ ಹಿರಿದು. ಬಿಸಿಯಲ್ಲಿ ದುಡಿಯುವಾಗ ರಕ್ತವು ಚರ್ಮ ಮತ್ತು ಸ್ನಾಯುಗಳತ್ತ ಹೆಚ್ಚಾಗಿ ಹರಿಯುವುದರಿಂದ ಕರುಳಿಗೆ ಅದರ ಪೂರೈಕೆ ಕುಗ್ಗುತ್ತದೆ. ಒಳಪದರ ಸಡಿಲಗೊಂಡರೆ ಬ್ಯಾಕ್ಟೀರಿಯಾಗಳ ವಿಷಾಂಶ ರಕ್ತಕ್ಕೆ ಸೋರುತ್ತದೆ. ಮಾರಕವಾದ ಶಾಖಾಘಾತಕ್ಕೆ ಇದೂ ಒಂದು ಕಾರಣವೆಂದು ಪರಿಗಣಿಸಲಾಗಿದೆ.

ಪ್ರಯೋಗಗಳು

ಕ್ವೆರ್ಸೆಟಿನ್ ಮಾನವ ಜೀವಕೋಶಗಳಲ್ಲಿ ಶಾಖಾಘಾತ ಪ್ರೋಟೀನ್‌ಗಳ ತಯಾರಿಕೆಯನ್ನು ತಡೆಯುತ್ತದೆಂದು ಜಪಾನಿನ ಸಂಶೋಧಕರು 1990ರಲ್ಲಿ ವರದಿ ಮಾಡಿದರು. 2009ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ, ಬಿಸಿಯಲ್ಲಿ ವ್ಯಾಯಾಮ ಮಾಡಿದವರ ಸಾಮರ್ಥ್ಯ ಕ್ವೆರ್ಸೆಟಿನ್‌ನಿಂದ ಹೆಚ್ಚಲಿಲ್ಲ.

ಹೆಚ್ಚು ಮಹತ್ವದ್ದು 2011ರಲ್ಲಿ ಅಮೆರಿಕದಿಂದ ಪ್ರಕಟವಾದ ಅಧ್ಯಯನ. ಸ್ವಯಂಸೇವಕರು ಏಳು ದಿನ ಬಿಸಿ ಕೋಣೆಯಲ್ಲಿ ವ್ಯಾಯಾಮ ಮಾಡಿದರು. ಒಂದು ಸುತ್ತಿನಲ್ಲಿ ಅವರಿಗೆ ದಿನಕ್ಕೆ 2000 ಮಿಲಿಗ್ರಾಂ ಕ್ವೆರ್ಸೆಟಿನ್, ಇನ್ನೊಂದರಲ್ಲಿ ಔಷಧಾಂಶವಿಲ್ಲದ ಹುಸಿಮಾತ್ರೆ ನೀಡಲಾಯಿತು. ಹುಸಿಮಾತ್ರೆಯ ಸುತ್ತಿನಲ್ಲಿ ಶಾಖಾಘಾತ ಪ್ರೋಟೀನ್‌ಗಳು ಹೆಚ್ಚಿದವು, ಕರುಳಿನ ತಡೆಗೋಡೆಯೂ ಉತ್ತಮಗೊಂಡಿತು. ಕ್ವೆರ್ಸೆಟಿನ್ ಸೇವಿಸಿದಾಗ ಈ ಲಾಭಗಳು ಕುಂಠಿತವಾದವು. ಹಾಗೆಂದು ಎಲ್ಲ ಸಸ್ಯಜನ್ಯ ಉತ್ಕರ್ಷಣ ನಿರೋಧಕಗಳಿಗೂ ಈ ಮಾತನ್ನು ಅನ್ವಯಿಸಲಾಗದು. ಅರಿಶಿನದ ಕರ್ಕ್ಯುಮಿನ್ ಅನ್ನು ಮೂರು ದಿನ, ದಿನಕ್ಕೆ 500 ಮಿಲಿಗ್ರಾಂನಂತೆ ಸೇವಿಸಿದವರಲ್ಲಿ ಬಿಸಿಯಲ್ಲಿನ ವ್ಯಾಯಾಮದಿಂದ ಕರುಳಿಗಾಗುವ ಹಾನಿ ಕಡಿಮೆಯಾದುದು ಇನ್ನೊಂದು ಪ್ರಯೋಗದಲ್ಲಿ ಕಂಡುಬಂದಿದೆ.

ಆಹಾರದಲ್ಲಿನ ಪ್ರಮಾಣ

ಬೇಸಿಗೆಯ ಬೇಗೆಗೆ ಹಸಿ ಈರುಳ್ಳಿ ಒಳ್ಳೆಯದೆಂಬ ನಂಬಿಕೆ ಭಾರತದ ಹಲವೆಡೆ ಇದೆ. ನೂರು ಗ್ರಾಂ ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಗ್ರಾಂ ಮಾತ್ರ. ಆದ್ದರಿಂದ ಮಾತ್ರೆಗಳ ಪ್ರಯೋಗದ ಫಲಿತಾಂಶವನ್ನು ರೊಟ್ಟಿಯೊಡನೆ ತಿನ್ನುವ ಈರುಳ್ಳಿಗೆ ಹೊಂದಿಸುವುದು ಸರಿಯಲ್ಲ.