ಮುಪ್ಪಿನ ಪಾಲು

ಜನ್ನನ ‘ಯಶೋಧರ ಚರಿತೆ’ಯನ್ನು ಓದಿದವರಿಗೆ ಯಶೌಘ ಮಹಾರಾಜನ ನೆನಪು ಇದ್ದೇ ಇರುತ್ತದೆ. 1209ರಲ್ಲಿ ಮುಗಿದ ಆ ಕಾವ್ಯದಲ್ಲಿ ಅವನ ಪಾತ್ರ ದೊಡ್ಡದೇನೂ ಅಲ್ಲ. ತಲೆಯಲ್ಲಿ ಒಂದು ನರೆಗೂದಲು ಕಾಣುತ್ತದೆ; ಅಷ್ಟಕ್ಕೇ ಅವನು ಮಗ ಯಶೋಧರನಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಟುಬಿಡುತ್ತಾನೆ. ಜೈನ ಕಥೆಗಳಲ್ಲಿ ಮತ್ತೆ ಮತ್ತೆ ಬರುವ ಸನ್ನಿವೇಶವಿದು. ಈ ಭಾಗವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ ನಾನು ವಿದ್ಯಾರ್ಥಿಗಳಿಗೆ ವೈರಾಗ್ಯದ ಮಾತನ್ನೇ ಹೇಳುತ್ತ ಬಂದೆ. ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಿದ್ದಾಗ ಬೇರೊಂದು ಪ್ರಶ್ನೆ ಹೊಳೆಯಿತು. ಕಾಡಿಗೆ ಹೋಗುವ ಅರಸನಿಗೆ ಒಂದು ಕೂದಲು ಸಾಕು. ಊರಿನಲ್ಲೇ, ಮನೆಯಲ್ಲೇ ಉಳಿಯಬೇಕಾದ ಗೃಹಸ್ಥ ಏನು ಮಾಡಿಟ್ಟುಕೊಳ್ಳುತ್ತಿದ್ದ? ಮಕ್ಕಳ ಕೈಗೆ ಬೀಗದ ಕೈಯನ್ನು ಕೊಟ್ಟ ಮೇಲೆ ಅವನಿಗೂ ಅವನ ಹೆಂಡತಿಗೂ ಉಳಿಯುತ್ತಿದ್ದುದೇನು? ಇಂದು ನಾನು ಹೇಳಹೊರಟಿರುವುದು ಆ ಪ್ರಶ್ನೆಯ ಚರಿತ್ರೆಯನ್ನು.

ಹಿಂದೆ ಅವಿಭಕ್ತ ಕುಟುಂಬವಿತ್ತು, ಆದ್ದರಿಂದ ಮುದುಕರ ಚಿಂತೆಯೇ ಇರಲಿಲ್ಲ ಎಂದು ಸಭೆಗಳಲ್ಲಿ ಹೇಳುವುದುಂಟು. ನಾನೂ ಹೇಳಿದ್ದೇನೆ. ಹಳೆಯ ಗ್ರಂಥಗಳೂ ಹಳೆಯ ಕಾಗದಗಳೂ ಹಾಗೆ ಹೇಳುವುದಿಲ್ಲ. ವಾನಪ್ರಸ್ಥ ಧರ್ಮಶಾಸ್ತ್ರದಲ್ಲಿ ಉಂಟು ನಿಜ. ಆದರೆ ಧೃತರಾಷ್ಟ್ರನಂತಹವನೇ ಯುದ್ಧ ಮುಗಿದ ಮೇಲೆ ಹದಿನೈದು ವರ್ಷ ಧರ್ಮರಾಯನ ಅರಮನೆಯಲ್ಲಿ ಉಳಿದ. ಧರ್ಮರಾಯನ ಆದರಕ್ಕೆ ಕೊರತೆಯಿರಲಿಲ್ಲ. ಭೀಮನ ಚುಚ್ಚುಮಾತಿಗೂ ಕೊರತೆಯಿರಲಿಲ್ಲ. ಕೊನೆಗೆ ಆ ಕುರುಡ ವೃದ್ಧನನ್ನು ಕಾಡಿಗೆ ಕಳಿಸಿದ್ದರಲ್ಲಿ ವೈರಾಗ್ಯದ ಪಾಲೆಷ್ಟು, ಆ ಮಾತುಗಳ ಪಾಲೆಷ್ಟು ಎಂದು ಯಾರು ಹೇಳಬಲ್ಲರು? ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿಬಿಟ್ಟ. ಈ ಕಥೆ ಬರುವ ಪರ್ವವನ್ನು ತಿಮ್ಮಣ್ಣ ಕವಿ ಪೂರೈಸಬೇಕಾಯಿತು. ಅದನ್ನು ಓದುವವರು ಕಡಮೆ. ಮುಪ್ಪಿನ ಪರ್ವವಲ್ಲವೆ!

ಕಾವ್ಯದಿಂದ ಶಾಸ್ತ್ರಕ್ಕೆ ಬರೋಣ. ಆರನೆಯ ವಿಕ್ರಮಾದಿತ್ಯನು 1076ರಿಂದ ಸುಮಾರು ಐವತ್ತು ವರ್ಷ ಆಳಿದ ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ವೆಂಬ ವ್ಯಾಖ್ಯಾನವನ್ನು ಬರೆದ. ಕೋಲ್‌ಬ್ರುಕ್ ಅದರ ದಾಯಭಾಗದ ಪ್ರಕರಣವನ್ನು 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಬಂಗಾಳವೊಂದನ್ನು ಬಿಟ್ಟು ಭಾರತದ ಬಹುಭಾಗದ ನ್ಯಾಯಾಲಯಗಳು ಕನ್ನಡ ನೆಲದಲ್ಲಿ ಹುಟ್ಟಿದ ಈ ಗ್ರಂಥವನ್ನೇ ಹಿಂದೂಗಳ ಆಸ್ತಿವಿವಾದಗಳಿಗೆ ಪ್ರಮಾಣವಾಗಿ ಹಿಡಿದವು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕುಂಟೆಂಬುದು ಅದರ ಪ್ರಸಿದ್ಧವಾದ ಸಿದ್ಧಾಂತ. ಅಷ್ಟು ಪ್ರಸಿದ್ಧವಲ್ಲದ ಇನ್ನೊಂದು ಮಾತು ಅಲ್ಲಿದೆ. ಪಾಲು ಮಾಡುವ ಕಾಲ ಯಾವುದು? ತಂದೆಯೇ ಇಚ್ಛಿಸಿದಾಗ ಒಂದು, ತಂದೆ ತೀರಿಕೊಂಡ ಮೇಲೆ ಒಂದು. ಇವೆರಡರ ನಡುವೆ ಮತ್ತೊಂದು ಕಾಲವನ್ನು ಆತ ಹೇಳುತ್ತಾನೆ: ತಂದೆಗೆ ಹಣದಲ್ಲಿಯೂ ಭೋಗದಲ್ಲಿಯೂ ಆಸೆ ಹಿಂಗಿ, ತಾಯಿಗೆ ಮಕ್ಕಳಾಗುವ ವಯಸ್ಸು ಕಳೆದಿದ್ದರೆ, ತಂದೆಗೆ ಇಷ್ಟವಿಲ್ಲದಿದ್ದರೂ ಮಕ್ಕಳು ಪಾಲು ಕೇಳಬಹುದು. ಮುದುಕನ ಮನೆಯಲ್ಲಿ ಏನು ನಡೆಯುತ್ತದೆಂಬುದನ್ನು ಕಣ್ಣಾರೆ ಕಂಡವನ ಮಾತಿದು.

ಕಂಡವನಾದ್ದರಿಂದಲೇ ಅವನು ಅಲ್ಲಿಗೆ ಬಿಡಲಿಲ್ಲ. ತಂದೆ ಸಮಪಾಲು ಮಾಡುವಾಗ ಸ್ತ್ರೀಧನ ಪಡೆಯದ ತನ್ನ ಹೆಂಡತಿಗೂ ಮಗನ ಪಾಲಿಗೆ ಸಮನಾದ ಪಾಲನ್ನು ಇಡಬೇಕು. ತಂದೆ ಹೋದ ಮೇಲೆ ಮಕ್ಕಳು ಪಾಲಾದರೆ ತಾಯಿಗೂ ಒಂದು ಪಾಲು ಎಂಬುದು ಸ್ಮೃತಿಯ ವಿಧಿ. ಅದನ್ನು ಹೊಟ್ಟೆಬಟ್ಟೆಗಷ್ಟೇ ಎಂದು ಕುಗ್ಗಿಸುವವರ ವಾದವನ್ನು ವಿಜ್ಞಾನೇಶ್ವರ ಒಪ್ಪಲಿಲ್ಲ. ಪಾಲು ಬೇರೆ, ಅನ್ನವಸ್ತ್ರ ಬೇರೆ. ಪಾಲು ಅವಳ ಕೈಯಲ್ಲಿರುತ್ತದೆ. ಅನ್ನವಸ್ತ್ರ ಇನ್ನೊಬ್ಬರ ಕೈಯಲ್ಲಿರುತ್ತದೆ. ಆದರೆ ದಕ್ಷಿಣದಲ್ಲಿ ಮದರಾಸು ಪ್ರಾಂತದ ರೂಢಿ ಈ ಪಾಲನ್ನು ಮರೆತು ಅನ್ನವಸ್ತ್ರವನ್ನಷ್ಟೇ ಉಳಿಸಿಕೊಂಡಿತು. ತಾಯಿಗೂ ವಿಧವೆಯರಿಗೂ ಪಾಲುಂಟೆಂದು ಮತ್ತೆ ಬರೆದವರಲ್ಲಿ ಮೈಸೂರು ಸಂಸ್ಥಾನ ಮೊದಲಿನದು. ಸಂಸ್ಥಾನದ ಸ್ತ್ರೀಹಕ್ಕುಗಳ ಕಾಯಿದೆ 1933ರದು. ಬ್ರಿಟಿಷ್ ಭಾರತದ ಅಂಥ ಕಾಯಿದೆ ಬಂದದ್ದು ನಾಲ್ಕು ವರ್ಷ ಕಳೆದು, 1937ರಲ್ಲಿ.

ಈಗ ನಮ್ಮ ಮನೆಯ ಒಂದು ಕಾಗದದ ಮಾತು. ತಂದೆಯವರು ತೀರಿಕೊಂಡ ಮೇಲೆ ಅವರ ತಗಡಿನ ಪೆಟ್ಟಿಗೆಯಲ್ಲಿ 1941ರ ಒಂದು ಪಾರಿಖತ್ತು ಸಿಕ್ಕಿತು. ನಮ್ಮಜ್ಜ ತನ್ನ ಇಬ್ಬರು ಮಕ್ಕಳಿಗೆ, ಎಂದರೆ ದೊಡ್ಡಪ್ಪನಿಗೂ ನಮ್ಮ ತಂದೆಗೂ, ಜಮೀನನ್ನು ಹಂಚಿದ ಪತ್ರ. ಗದ್ದೆ ಹೊಲಗಳ ಚೆಕ್ಕುಬಂದಿ ಮುಗಿದ ಮೇಲೆ ಶಾನುಭೋಗರ ಅಕ್ಷರ ಸಣ್ಣದಾಗುತ್ತದೆ. ಅಡಿಗೆಮನೆಗೆ ತಗುಲಿದ ಮೂಡಣ ಕೋಣೆ. ಅಲ್ಲಿಂದ ಬಾವಿಗೆ ಹೋಗಿಬರುವ ದಾರಿ. ವರ್ಷಕ್ಕೆ ನಾಲ್ಕು ಖಂಡುಗ ಭತ್ತ, ಒಂದು ಖಂಡುಗ ರಾಗಿ. ಕರೆಯುವ ಹಸು ಒಂದು, ಅದು ಬತ್ತಿದರೆ ಮತ್ತೊಂದು. ಹಿತ್ತಿಲ ಎರಡು ತೆಂಗಿನ ಮರದ ಫಲ. ವರ್ಷಕ್ಕೆರಡು ಜೊತೆ ಬಟ್ಟೆ. ದಂಪತಿಗಳಲ್ಲಿ ಯಾರೊಬ್ಬರು ಉಳಿದರೂ ಅವರು ಇರುವ ತನಕ ಇಷ್ಟೂ ನಡೆಯತಕ್ಕದ್ದು. ಬಾವಿಯ ದಾರಿಯನ್ನೂ ಬರೆಸಿದ್ದನಲ್ಲ ಎಂದು ನನಗೆ ಮೊದಲು ನಗು ಬಂತು.

ತಂದೆಯವರು ಹೇಳುತ್ತಿದ್ದುದು ಹೀಗೆ. ಈ ಸಾಲುಗಳನ್ನು ಓದಿದಾಗ ದೊಡ್ಡಪ್ಪ ಮುಖ ಕೆಂಪು ಮಾಡಿಕೊಂಡು, “ನಮ್ಮ ಮೇಲೆ ನಂಬಿಕೆಯಿಲ್ಲವೇನಪ್ಪಾ?” ಎಂದರಂತೆ. ಅಜ್ಜ, “ನೀನಿರುವಷ್ಟು ದಿನ ಈ ಕಾಗದವನ್ನು ಯಾರು ತೆಗೆಯುತ್ತಾರೋ? ಪೆಟ್ಟಿಗೆಯಲ್ಲಿರಲಿ ಬಿಡು” ಎಂದನಂತೆ. ಅಜ್ಜ 1946ರಲ್ಲಿ ಹೋದ. ದೊಡ್ಡಪ್ಪ 1952ರಲ್ಲಿ ವಿಷಮಜ್ವರದಿಂದ ತೀರಿಕೊಂಡರು. ತಾಯಿಗಿಂತ ಮೊದಲು ಮಗ. ಅಜ್ಜಿ ಆ ಮೇಲೆಯೂ ಹನ್ನೊಂದು ವರ್ಷ ಅದೇ ಮೂಡಣ ಕೋಣೆಯಲ್ಲಿದ್ದರು. ಸುಗ್ಗಿಯಾದ ಮೇಲೆ ದೊಡ್ಡಮ್ಮ ಕೊಳಗದಿಂದ ಭತ್ತವನ್ನು ಅಳೆದು ಅತ್ತೆಯ ವಾಡೆಗೆ ಸುರಿಯುತ್ತಿದ್ದುದು ನನ್ನ ಬಾಲ್ಯದ ಮೊದಲ ನೆನಪುಗಳಲ್ಲಿ ಒಂದು. ಅತ್ತೆ ಸೊಸೆಯರಲ್ಲಿ ಜಗಳವಿರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಭತ್ತದ ವಿಷಯಕ್ಕೆ ಮಾತ್ರ ಇರಲಿಲ್ಲ.

ಇದು ನಮ್ಮ ಅಜ್ಜನೊಬ್ಬನ ಜಾಣತನವೆಂದು ಬಹುಕಾಲ ತಿಳಿದಿದ್ದೆ. ಯುರೋಪಿನ ರೈತರ ಚರಿತ್ರೆಯನ್ನು ಓದಿದಾಗ ಆ ಹೆಮ್ಮೆ ಹೋಯಿತು. ಜರ್ಮನಿ ಆಸ್ಟ್ರಿಯಗಳಲ್ಲಿ ರೈತ ದಂಪತಿಗಳು ಮಗನಿಗೆ ಜಮೀನನ್ನು ಬಿಟ್ಟುಕೊಡುವಾಗ ಕರಾರು ಬರೆಸಿಕೊಳ್ಳುವುದು ಶತಮಾನಗಳ ಪದ್ಧತಿ. ಜರ್ಮನಿಯಲ್ಲಿ ಅದಕ್ಕೆ ‘ಆಲ್ಟನ್‌ಟೈಲ್’ ಎಂದು ಹೆಸರು. ಮುದುಕರ ಪಾಲು ಎಂದು ಅದರ ಅರ್ಥ. ಹಿರಿಯರು ದೊಡ್ಡ ಮನೆಯನ್ನು ಬಿಟ್ಟು ಪಕ್ಕದ ಚಿಕ್ಕ ಮನೆಗೋ ಹಿಂದಿನ ಕೋಣೆಗೋ ಹೋಗುತ್ತಾರೆ. ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಮೊಟ್ಟೆ, ಇಷ್ಟು ಸೌದೆ ಎಂದು ಪಟ್ಟಿ. ಒಲೆಯ ಪಕ್ಕದಲ್ಲಿ ಕೂರುವ ಹಕ್ಕು, ಹಣ್ಣಿನ ಮರದ ಹಕ್ಕು, ನಡೆದಾಡುವ ದಾರಿಯ ಹಕ್ಕನ್ನು ಕೂಡ ಬರೆಸಿದವರುಂಟು. ಬೊಹೀಮಿಯ, ನಾರ್ವೆ, ಫಿನ್‌ಲೆಂಡುಗಳಲ್ಲಿ ಬೇರೆ ಬೇರೆ ಹೆಸರಿನಿಂದ ಇದೇ ಪದ್ಧತಿ ನಡೆಯಿತು. ಇಂಗ್ಲೆಂಡಿನಲ್ಲಿ ಹದಿಮೂರು ಹದಿನಾಲ್ಕನೆಯ ಶತಮಾನಗಳ ಜಹಗೀರು ನ್ಯಾಯಸಭೆಗಳ ದಫ್ತರಗಳಲ್ಲಿ ಇಂಥ ಒಪ್ಪಂದಗಳು ದೊರೆಯುತ್ತವೆ. ಮಗ ಕೊಡದಿದ್ದರೆ ಜಮೀನು ಹಿಂದಕ್ಕೆ. ಎಲ್ಲಿಯ ಆಸ್ಟ್ರಿಯ, ಎಲ್ಲಿಯ ನಮ್ಮ ಬಾವಿಯ ದಾರಿ!

ಜರ್ಮನಿಯ ಯೂಟರ್‌ಬೋಗ್ ಎಂಬ ಪಟ್ಟಣದ ಹೆಬ್ಬಾಗಿಲಿಗೆ ಒಂದು ದೊಣ್ಣೆಯನ್ನು ತೂಗುಹಾಕಿದ್ದಾರೆ. ಇದ್ದ ಅನ್ನವನ್ನೆಲ್ಲ ಮಕ್ಕಳಿಗೆ ಕೊಟ್ಟು ಆಮೇಲೆ ತಾನು ಉಪವಾಸ ಬೀಳುವ ತಂದೆಗೆ ಆ ದೊಣ್ಣೆ ಎಂಬ ಅಭಿಪ್ರಾಯದ ಬರಹ ಅದರ ಜೊತೆಗಿದೆ. ಪೆಟ್ಟು ಮಗನಿಗಲ್ಲ, ತಂದೆಗೆ! ನಮ್ಮ ಅಜ್ಜಿಯರು ಹೇಳುತ್ತಿದ್ದ ಕರಟದ ಕಥೆಯಲ್ಲಿ ಶಿಕ್ಷೆ ಮಗನ ಕಡೆಗೆ ತಿರುಗುತ್ತದೆ. ಮುದುಕನಿಗೆ ಗಂಜಿ ಹಾಕುತ್ತಿದ್ದ ಕರಟವನ್ನು ಮೊಮ್ಮಗ ಜೋಪಾನವಾಗಿ ಎತ್ತಿಡುತ್ತಾನೆ, ಮುಂದೆ ಅಪ್ಪನಿಗೆ ಬೇಕಾಗುತ್ತದೆಂದು. ಕಥೆ ನಮ್ಮದು ಹೆಚ್ಚು ಚೆಲುವಾದದ್ದು. ಆದರೆ ಅದರಲ್ಲಿ ಮುದುಕನೂ ಏನಾದರೂ ಮಾಡಬಹುದಿತ್ತೆಂಬ ಸೂಚನೆಯೇ ಇಲ್ಲ. ಅವನು ಕರಟ ಹಿಡಿದು ಕೂತಿರುತ್ತಾನೆ, ಅಷ್ಟೆ.

ಷೇಕ್ಸ್‌ಪಿಯರನ ಲಿಯರ್ ದೊರೆಯನ್ನು ನೆನೆಯದೆ ಈ ವಿಷಯವನ್ನು ಮುಗಿಸಲಾಗದು. ಎಂ. ಎಸ್. ಪುಟ್ಟಣ್ಣನವರು ‘ಹೇಮಚಂದ್ರರಾಜ ವಿಲಾಸ’ವೆಂದು ಕನ್ನಡಕ್ಕೆ ಹೊಂದಿಸಿದ ಕಥೆ ಅದು. ಲಿಯರ್ ಷರತ್ತು ಹಾಕದೆ ರಾಜ್ಯ ಕೊಟ್ಟವನಲ್ಲ. ನೂರು ಮಂದಿ ಸವಾರರು, ತಿಂಗಳಿಗೊಬ್ಬ ಮಗಳ ಮನೆ ಎಂದು ಹೇಳಿಯೇ ಕೊಟ್ಟ. ಹೇಳಿದ್ದು ಬಾಯಿಮಾತಿನಲ್ಲಿ, ಅದೂ ಯಾರು ಹೆಚ್ಚು ಪ್ರೀತಿಸುತ್ತೀರೆಂದು ಮಕ್ಕಳನ್ನು ಕೇಳಿದ ಮೇಲೆ. ನೂರು ಐವತ್ತಾಗಿ, ಐವತ್ತು ಇಪ್ಪತ್ತೈದಾಗಿ, ಕೊನೆಗೆ ಒಬ್ಬನಾದರೂ ಏಕೆಂಬ ಮಾತಿಗೆ ಬಂದು ನಿಲ್ಲುತ್ತದೆ.

ತಿಂಗಳ ಸರದಿಯ ಮಾತು ಬಂದಾಗ ದೊಡ್ಡಮ್ಮನ ವಿಷಯ ಹೇಳಲೇಬೇಕು. ಅತ್ತೆಗೆ ಹನ್ನೊಂದು ವರ್ಷ ಭತ್ತ ಅಳೆದ ಅದೇ ದೊಡ್ಡಮ್ಮ 1983ರಲ್ಲಿ ತಮ್ಮ ಹಕ್ಕನ್ನೆಲ್ಲ ಇಬ್ಬರು ಗಂಡುಮಕ್ಕಳಿಗೆ ಬಿಟ್ಟುಕೊಟ್ಟು ರುಜು ಹಾಕಿದರು. ಆ ಪತ್ರದಲ್ಲಿ ಕೋಣೆಯಿಲ್ಲ, ಕೊಳಗವಿಲ್ಲ. ಬರೆಯುವವರು, “ಅಮ್ಮನ ವಿಷಯ ಏನಾದರೂ ಸೇರಿಸಬೇಕೆ?” ಎಂದು ಕೇಳಿದರು. “ಮಕ್ಕಳ ಹತ್ತಿರ ಕಾಗದವೇ, ಛೆ” ಎಂದು ದೊಡ್ಡಮ್ಮನೇ ನಕ್ಕುಬಿಟ್ಟರು. ಎಲ್ಲರೂ ನಕ್ಕೆವು. ಆಗ ತಾನೇ ಅಧ್ಯಾಪಕನಾಗಿದ್ದ ನಾನು ಸಾಕ್ಷಿಯ ಜಾಗದಲ್ಲಿ ರುಜು ಹಾಕಿದೆ. ಅಣ್ಣಂದಿರು ಕೆಟ್ಟವರಲ್ಲ. ಸಾಲ ಬಂತು, ಹೆಣ್ಣುಮಕ್ಕಳ ಮದುವೆ ಬಂತು, ಮೂರನೆಯ ವರ್ಷಕ್ಕೆ ಮನೆ ಮಾರಿದರು. ಒಬ್ಬ ಶಿವಮೊಗ್ಗದಲ್ಲಿ, ಒಬ್ಬ ಬೆಂಗಳೂರಿನಲ್ಲಿ. ದೊಡ್ಡಮ್ಮ ಒಂದು ಬಟ್ಟೆಯ ಚೀಲ ಹಿಡಿದು ಮೂರು ತಿಂಗಳಿಗೊಮ್ಮೆ ರೈಲು ಹತ್ತುತ್ತಿದ್ದರು. ಎರಡು ಮನೆಯಲ್ಲಿಯೂ ಊಟಕ್ಕೆ ಕೊರತೆಯಿರಲಿಲ್ಲ. ಚೀಲವನ್ನು ಬಿಚ್ಚಿ ಇಡಲು ಒಂದು ಗೂಡು ಮಾತ್ರ ಎಲ್ಲಿಯೂ ಇರಲಿಲ್ಲ. ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ, “ಅತ್ತೆಯವರ ಮೂಡಣ ಕೋಣೆ ಎಷ್ಟು ಬೆಚ್ಚಗಿತ್ತು ನೋಡು” ಎಂದರು. ಅದಕ್ಕಿಂತ ಹೆಚ್ಚಿಗೆ ಏನನ್ನೂ ಹೇಳಲಿಲ್ಲ. ಅವರು 1994ರಲ್ಲಿ ತೀರಿಕೊಂಡರು. ಪಾರಿಖತ್ತಿನ ಬಾವಿಯ ದಾರಿಗೆ ನಾನು ನಕ್ಕಿದ್ದೆನೆಂದು ಆಗಲೇ ಹೇಳಿದೆನಷ್ಟೆ. ಆ ನಗು ನಿಂತದ್ದು ದೊಡ್ಡಮ್ಮನ ಚೀಲ ನೆನಪಾದಾಗ.

ಸರ್ಕಾರಗಳು ಮುಪ್ಪಿನ ಭಾರವನ್ನು ಹೊತ್ತ ಕಥೆ ಪ್ರತ್ಯೇಕವಾದದ್ದು, ಅದನ್ನು ವಿಸ್ತರಿಸುವುದಿಲ್ಲ. ಬಿಸ್ಮಾರ್ಕನ ಜರ್ಮನಿಯಲ್ಲಿ 1889ರಲ್ಲಿ ವೃದ್ಧಾಪ್ಯ ವಿಮೆಯ ಕಾನೂನಾಯಿತು. ಆಗ ವೇತನದ ವಯಸ್ಸು 70, ಅದು 65ಕ್ಕೆ ಇಳಿದದ್ದು 1916ರಲ್ಲಿ. ಮೈಸೂರು ಸಂಸ್ಥಾನ ತನ್ನ ನೌಕರರಿಗೆ ಜೀವವಿಮೆಯನ್ನು ಆರಂಭಿಸಿದ್ದು 1891ರಲ್ಲಿ. ನನ್ನಂಥವರು ಹಳೆಯ ಪಿಂಚಣಿಯ ನೆರಳಿನಲ್ಲಿದ್ದೇವೆ. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸರ್ಕಾರಿ ಸೇವೆಗೆ ಸೇರಿದವರಿಗೆ ಸಂಬಳದಿಂದಲೇ ಕೂಡಿಸಿಕೊಳ್ಳುವ ಹೊಸ ಪದ್ಧತಿ ಬಂತು. ಹೊಲದಲ್ಲಿ, ಅಂಗಡಿಯಲ್ಲಿ ದುಡಿದ ಬಹುಮಂದಿಗೆ ಎರಡೂ ಇಲ್ಲ. ಇಷ್ಟಕ್ಕೂ ರಾತ್ರಿ ಕಾಲು ಜಾರಿದಾಗ ಎತ್ತುವವರು ಯಾರೆಂಬುದು ಪಿಂಚಣಿಯ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಕಾನೂನು ಮಾತ್ರ ಸುತ್ತಿ ಬಳಸಿ ನಮ್ಮಜ್ಜನ ಶಾನುಭೋಗರ ಬಳಿಗೇ ಬಂದಿದೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ ವೃದ್ಧ ತಂದೆತಾಯಿಗಳನ್ನು ಸಾಕುವ ಹೊಣೆಯನ್ನು ಮಗನಂತೆ ಮಗಳಿಗೂ ಹೊರಿಸಿತು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯಿದೆ 2007ರದು. ಅದರ 23ನೆಯ ಕಲಮಿನಂತೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಹಿರಿಯರು ಆಸ್ತಿ ಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ, ಆ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಇತ್ತೆಂಬುದು ಸಿದ್ಧವಾಗಬೇಕೆಂದು ಸುಪ್ರೀಂ ಕೋರ್ಟು 2022ರ ಡಿಸೆಂಬರಿನಲ್ಲಿ ಹೇಳಿತು. ಮಗನ ಮೇಲೆ ದೂರಿತ್ತ ಒಬ್ಬ ತಾಯಿಯ ಮೊಕದ್ದಮೆಯಲ್ಲಿ, ಈ ಕಾಯಿದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಅರ್ಥಮಾಡಬೇಕೆಂದು 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ತೀರ್ಪಿತ್ತಿತು. ಅಲ್ಲಿಯೂ ತಾಯಿಯ ಕೈಯಲ್ಲಿ ಮಗ ಬರೆದುಕೊಟ್ಟನೆಂಬ ಒಂದು ಕಾಗದವಿತ್ತು. ಉದಾರತೆಗೂ ಊರಲು ಒಂದು ಕಡ್ಡಿ ಬೇಕಾಗುತ್ತದೆ. 1983ರ ನಮ್ಮ ಪತ್ರದಲ್ಲಿ ಅಂಥದೊಂದು ಸಾಲಿದ್ದು, ಆಗಲೇ ಇಂಥ ಕಾನೂನೂ ಇದ್ದಿದ್ದರೆ ದೊಡ್ಡಮ್ಮ ಮಕ್ಕಳ ಮೇಲೆ ದೂರು ಕೊಡುತ್ತಿದ್ದರೆ? ಎಂದಿಗೂ ಇಲ್ಲ. ಆದರೆ ಮನೆ ಮಾರುವ ಹೊತ್ತಿಗೆ ಅಣ್ಣಂದಿರು ಆ ಸಾಲನ್ನು ಒಮ್ಮೆ ಓದಬೇಕಾಗುತ್ತಿತ್ತು.

ಕಳೆದ ಯುಗಾದಿಗೆ ಮಗ ಸಂಸಾರಸಮೇತ ಬಂದಿದ್ದ. ಊಟವಾದ ಮೇಲೆ 1941ರ ಪಾರಿಖತ್ತನ್ನು ಅವನ ಮುಂದಿಟ್ಟೆ. ಮೋಡಿ ಬೆರೆತ ಅಕ್ಷರವನ್ನು ಕಷ್ಟಪಟ್ಟು ಓದಿ, ಖಂಡುಗವೆಂದರೆ ಎಷ್ಟೆಂದು ಕೇಳಿದ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಇಂಥದ್ದು ಬರೆಸಬೇಕು ಅಂತೀರಾ ಅಪ್ಪಾ?” ಎಂದ. ದೊಡ್ಡಪ್ಪನ ಮುಖ ಹೀಗೆಯೇ ಕೆಂಪಾಗಿದ್ದಿರಬೇಕು. ನಾನು ಉತ್ತರ ಹುಡುಕುತ್ತಿರುವಾಗಲೇ ನನ್ನಾಕೆ ಒಳಗಿನಿಂದ ಮೊಮ್ಮಗಳ ನೋಟುಬುಕ್ಕನ್ನು ತಂದು, ಮಹಡಿಯ ಮೆಟ್ಟಿಲು ತನ್ನಿಂದ ಇನ್ನು ಹೆಚ್ಚು ದಿನ ಆಗುವುದಿಲ್ಲ, ಕೆಳಗಿನ ಕೋಣೆಯನ್ನು ಮೊದಲು ಬರೆಯಿರಿ ಎಂದಳು. ಇಬ್ಬರಲ್ಲಿ ಯಾರೊಬ್ಬರು ಉಳಿದರೂ ಎಂಬ ಮಾತನ್ನು ಸೇರಿಸಿ ಮಗನೇ ಬರೆದ. ಅಂದು ಆದದ್ದು ಅಷ್ಟು. ಮಿಕ್ಕದ್ದಕ್ಕೆ ದಸರೆಗೆ ಮಗಳು ಬಂದಾಗ ಕೂರಬೇಕೆಂದು ಮಾತಾಗಿದೆ.