ಕೊಂಡ ಮೇಲಿನ ಅನುಶಯ: ಎಮ್ಮಿಗನೂರಿನಿಂದ ನೋಡಿದ ವಾಷಿಂಗ್ ಮೆಷಿನ್ ವಾಪಸಾತಿಯ ಚರಿತ್ರೆ

ಶೀರ್ಷಿಕೆ ನೋಡಿ, "ಕನ್ನಡ ಎಂ.ಎ.ಗೂ ವಾಷಿಂಗ್ ಮೆಷಿನ್‌ಗೂ ಏನು ಸಂಬಂಧ?" ಅಂತ ಚಾಟ್‌ನಲ್ಲಿ ಆಗಲೇ ಒಬ್ಬರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಉತ್ತರ ಇಷ್ಟೇ: ವಾರಂಟಿ ಕಾರ್ಡೂ ಒಂದು ಪಠ್ಯ. ಶಾಸನ ಓದುವಾಗ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ತಪ್ಪಿದರೆ ಏನು ಅಂತ ಕೇಳುತ್ತೇವಲ್ಲ, ಅದೇ ಪ್ರಶ್ನೆಗಳನ್ನು ಈ ಕಾರ್ಡಿಗೂ ಕೇಳಬಹುದು. ಕೇಳಿದರೆ ಅದು ಗಡಿಯ ಚರಿತ್ರೆಯವರೆಗೆ ಹೋಗುತ್ತದೆ.

ನಾನು ಹೇಳಹೊರಟಿರುವುದು ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದ, ಆದೋನಿ ಪಕ್ಕದ ಎಮ್ಮಿಗನೂರಿನ ಬಗ್ಗೆ. ನಮ್ಮ ಕಡೆ ಯಂತ್ರ ಕೊಳ್ಳುವ ಮುಂಚೆ ಎಲ್ಲರೂ ಕೇಳುವುದು "ಯಾವ ಕಂಪನಿದು ಬಾಳಿಕೆ ಬರ್ತೈತಿ?" ಅಂತ. ನನ್ನ ವಾದ ಏನೆಂದರೆ, ಬಾಳಿಕೆಯ ಪ್ರಶ್ನೆ ಯಾವಾಗಲೂ ಹೆಸರಿನ ಪ್ರಶ್ನೆ ಆಗಿರಲಿಲ್ಲ. ಅದಕ್ಕಿಂತ ಹಳೆಯ ಪ್ರಶ್ನೆಗಳು ಮೂರಿವೆ. ಕೆಟ್ಟರೆ ಎಷ್ಟು ದಿನದೊಳಗೆ ಹೇಳಬೇಕು? ಕೆಟ್ಟಿದೆ ಅಂತ ತೀರ್ಮಾನಿಸುವವರು ಯಾರು? ಎಲ್ಲಿಗೆ ಹೋಗಿ ಕೇಳಬೇಕು? ಬ್ರಾಂಡ್ ಹೆಸರು ಈ ಮೂರಕ್ಕೂ ಉತ್ತರ ಕೊಡುವುದಿಲ್ಲ.

೧. ಪದಗಳ ಸಾಕ್ಷಿ

ಮೊದಲು ಪದಗಳನ್ನೇ ನೋಡೋಣ. ಖಾತ್ರಿ, ಜಾಮೀನು, ರಶೀದಿ, ವಾಪಸ್: ಇವೆಲ್ಲ ಅರಬ್ಬಿ-ಪಾರಸಿ ಮೂಲದವು. ಆಡಳಿತದ ಜತೆ, ಪೇಟೆಯ ಜತೆ ಬಂದು ಕನ್ನಡದ್ದೇ ಆಗಿಹೋದವು. ಗ್ಯಾರಂಟಿ, ವಾರಂಟಿ ಇಂಗ್ಲಿಷಿನಿಂದ ಬಂದವು. ನಂಬಿಕೆ ಮಾತ್ರ ನಮ್ಮದೇ ಪದ. ಆದರೆ ನಂಬಿಕೆಯನ್ನು ಕಾಗದದ ಮೇಲೆ ಬರೆದುಕೊಡುವ ಪದಗಳು ಬಹುಪಾಲು ಹೊರಗಿನಿಂದ ಬಂದವು. ಪರಿಚಯದವರ ನಡುವೆ ಕಾಗದ ಬೇಕಿರಲಿಲ್ಲ. ಅಪರಿಚಿತರ ಜತೆ ವ್ಯವಹಾರ ಬೆಳೆದಂತೆ ಬೇಕಾಯಿತು.

ಇವಕ್ಕಿಂತ ಹಳೆಯ ಪದವೊಂದು ಧರ್ಮಶಾಸ್ತ್ರದಲ್ಲಿದೆ: ಕ್ರೀತಾನುಶಯ. ಕ್ರೀತ ಅಂದರೆ ಕೊಂಡದ್ದು, ಅನುಶಯ ಅಂದರೆ ಪಶ್ಚಾತ್ತಾಪ. ಕೊಂಡ ಮೇಲೆ ಮನಸ್ಸಿಗೆ ಬರುವ ಬೇಸರವನ್ನೇ ವ್ಯವಹಾರದ ಒಂದು ಪ್ರಕರಣವಾಗಿ ಅಲ್ಲಿ ವಿಂಗಡಿಸಿದ್ದಾರೆ.

೨. ಕಲ್ಯಾಣದ ದಿನಲೆಕ್ಕ

ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನ ಬರೆದ. ಆ ಸ್ಮೃತಿಯಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸುವ ಅವಧಿಗಳ ಪಟ್ಟಿ ಇದೆ. ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಹೊರೆ ಹೊರುವ ಪ್ರಾಣಿಗೆ 5, ರತ್ನಕ್ಕೆ 7, ಕರೆಯುವ ಹಸುವಿಗೆ 3. ತರ್ಕ ಸ್ಪಷ್ಟ. ದೋಷ ಕಾಣಿಸಿಕೊಳ್ಳಲು ವಸ್ತುವಿಗೆ ಎಷ್ಟು ಕಾಲ ಬೇಕೋ ಅಷ್ಟು ಅವಧಿ. ಬೀಜ ಮೊಳೆಯುತ್ತದೋ ಇಲ್ಲವೋ ನೋಡಲು ಹತ್ತು ದಿನ ಬೇಕು. ಹಸು ಎಷ್ಟು ಹಾಲು ಕೊಡುತ್ತದೆ ಅಂತ ಮೂರೇ ದಿನದಲ್ಲಿ ತಿಳಿಯುತ್ತದೆ.

ಆದರೆ ಅದೇ ಪಟ್ಟಿಯಲ್ಲಿ ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು ಅಂತಲೂ ಇದೆ. ಮನುಷ್ಯರನ್ನು ಬೀಜ, ಕಬ್ಬಿಣದ ಸಾಲಿನಲ್ಲಿ ನಿಲ್ಲಿಸಿದ ಪಟ್ಟಿ ಇದು. ಕೊಳ್ಳುವವನ ಹಕ್ಕನ್ನು ಕೊಂಡಾಡುವಾಗ ಆ ಹಕ್ಕು ಯಾರಿಗಿತ್ತು, ಯಾರನ್ನು 'ಸರಕು' ಅಂದರು ಅನ್ನುವುದನ್ನು ಬಿಟ್ಟು ಓದುವ ಹಾಗಿಲ್ಲ.

ಬಟ್ಟೆ ಒಗೆಯುವ ಕೆಲಸಕ್ಕೂ ಇಂಥ ಲೆಕ್ಕಗಳಿದ್ದವು. ಕೌಟಿಲ್ಯನ ಅರ್ಥಶಾಸ್ತ್ರದ ಪ್ರಕಾರ ಅಗಸರು ಮರದ ಹಲಗೆ ಅಥವಾ ನುಣುಪು ಕಲ್ಲಿನ ಮೇಲೇ ಒಗೆಯಬೇಕು. ಬೇರೆ ಕಡೆ ಒಗೆದರೆ ಬಟ್ಟೆಯ ನಷ್ಟದ ಜತೆಗೆ 6 ಪಣ ದಂಡ. ನಾರದ ಸ್ಮೃತಿ ಇನ್ನೂ ಸೂಕ್ಷ್ಮ: ಒಮ್ಮೆ ಒಗೆದ ಬಟ್ಟೆಯ ಬೆಲೆ ಎಂಟನೇ ಒಂದು ಭಾಗ ಇಳಿಯುತ್ತದೆ, ಎರಡು ಸಲಕ್ಕೆ ಕಾಲು ಭಾಗ, ಮೂರು ಸಲಕ್ಕೆ ಮೂರನೇ ಒಂದು, ನಾಲ್ಕು ಸಲಕ್ಕೆ ಅರ್ಧ. ಇವತ್ತು ಅಂಗಡಿಯವರು "ಬಳಸಿದ್ದೀರಲ್ಲ, ಪೂರ್ತಿ ದುಡ್ಡು ಬರಲ್ಲ" ಅಂತಾರಲ್ಲ, ಸವಕಳಿಯ ಆ ಲೆಕ್ಕ ಹೊಸದಲ್ಲ. ಅಲ್ಲಿ ಹೊಣೆ ಹೊತ್ತವನು ಮಾತ್ರ ಕಣ್ಣೆದುರೇ ಇದ್ದ ಅಗಸ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲೇ ಮಡಿವಾಳ ಮಾಚಿದೇವರು ವಚನಕಾರರಾಗಿ ಮಾತಾಡಿದ್ದನ್ನು ಈ ದಂಡದ ಪಟ್ಟಿಯ ಪಕ್ಕ ಇಟ್ಟು ಓದಬೇಕು. ಶಾಸ್ತ್ರದಲ್ಲಿ ಅಗಸ ದಂಡ ಕೊಡುವವನು. ವಚನದಲ್ಲಿ ಅವನೇ ತೀರ್ಪು ಹೇಳುವವನು.

೩. ಮಗ್ಗದೂರಿನ ಮುದ್ರೆ

ಈಗ ಎಮ್ಮಿಗನೂರಿಗೆ ಬರೋಣ. ಒಗೆಯುವ ಯಂತ್ರಕ್ಕಿಂತ ಬಹಳ ಮೊದಲೇ ಈ ಊರಿಗೆ ನೇಯ್ದ ಬಟ್ಟೆಯ ಗುಣಮಟ್ಟದ ಪ್ರಶ್ನೆ ಗೊತ್ತಿತ್ತು. 1938ರಲ್ಲಿ ಮಾಚಾನಿ ಸೋಮಪ್ಪ ಅವರ ಮುಂದಾಳತ್ವದಲ್ಲಿ ಇಲ್ಲಿ ನೇಕಾರರ ಸಹಕಾರ ಸಂಘ ಶುರುವಾಯಿತು. ಮುಂದೆ 1954ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೈಮಗ್ಗ ಸಂಘಗಳ ಕ್ರಮ ನಿಮಗೆ ಗೊತ್ತೇ ಇದೆ. ಸಂಘ ನೂಲು ಕೊಡುತ್ತದೆ, ನೇಕಾರ ನೇಯ್ದು ತರುತ್ತಾನೆ, ಉದ್ದ-ಅಗಲ ಅಳೆದು, ಹಾಸು ಹೊಕ್ಕು ನೋಡಿ, ಅಂಚು ಸರಿಯಿದೆಯಾ ಅಂತ ಪರೀಕ್ಷಿಸಿ ಕೂಲಿ ಕೊಡುತ್ತಾರೆ. ಸರಕು ಗಿರಾಕಿಯ ಕೈಗೆ ಹೋಗುವ ಮೊದಲೇ ಪರೀಕ್ಷೆ ಮುಗಿದಿರುತ್ತದೆ. ಇಲ್ಲೊಂದು ಕಹಿಯೂ ಇದೆ. ದೋಷದ ಬೆಲೆಯನ್ನು ಮೊದಲು ತೆರುವವನು ನೇಕಾರ, ತನ್ನ ಕೂಲಿಯಲ್ಲಿ.

ಗಿರಣಿ ಬಟ್ಟೆಗೆ ಬೇರೆ ದಾರಿ ಇತ್ತು. 1889ರ ಮರ್ಚಂಡೈಸ್ ಮಾರ್ಕ್ಸ್ ಕಾಯ್ದೆಯಂತೆ ಥಾನಿನ ಮೇಲೆ ಅದರ ಉದ್ದವನ್ನು ಗಜದ ಲೆಕ್ಕದಲ್ಲಿ ಅಚ್ಚೊತ್ತಬೇಕಿತ್ತು. ಇವತ್ತಿನ ಹ್ಯಾಂಡ್‌ಲೂಮ್ ಮಾರ್ಕ್ 2006ರದ್ದು. ಕಣ್ಣೆದುರಿನ ಮನುಷ್ಯ ದೂರವಾದಂತೆಲ್ಲ ಅವನ ಜಾಗಕ್ಕೆ ಮುದ್ರೆ ಬಂದಿದೆ. ಬ್ರಾಂಡ್ ಅನ್ನುವುದು ಈ ಸಾಲಿನ ಕೊನೆಯ ಮುದ್ರೆ.

೪. ಹೆಸರು ಹೇಳಿ ಕೊಂಡರೆ

1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮು ನನಗೆ ಬಹಳ ಮುಖ್ಯ ಅನ್ನಿಸಿತು. ಗಿರಾಕಿ ತನ್ನ ಅಗತ್ಯ ಇಂಥದ್ದು ಅಂತ ಹೇಳಿ, ಅಂಗಡಿಯವನ ತಿಳಿವಳಿಕೆಯನ್ನು ನಂಬಿ ಕೊಂಡರೆ, ಸರಕು ಆ ಕೆಲಸಕ್ಕೆ ಒದಗಬೇಕು ಅನ್ನುವ ಷರತ್ತು ತಾನಾಗಿ ಇರುತ್ತದೆ. ಆದರೆ ವ್ಯಾಪಾರದ ಹೆಸರು ಹೇಳಿ "ಇದೇ ಕೊಡಿ" ಅಂತ ಕೊಂಡರೆ ಆ ಷರತ್ತು ಇಲ್ಲ. ಅಂದರೆ ಬ್ರಾಂಡ್ ಹೆಸರಿಗೆ ಜೋತುಬಿದ್ದ ಗಿರಾಕಿಗೆ ಕಾನೂನಿನ ರಕ್ಷಣೆ ಒಂದು ತೂಕ ಕಡಿಮೆಯೇ ಇತ್ತು. ತಿರಸ್ಕರಿಸುವ ಅವಧಿಯೂ 'ಯುಕ್ತ ಕಾಲ' ಅಂತ ಮಾತ್ರ. ಸ್ಮೃತಿಯಲ್ಲಿ ದಿನ ಎಣಿಸಿದ್ದರು, ಇಲ್ಲಿ ಎಣಿಸಲಿಲ್ಲ.

ನಮ್ಮ ಮನೆಗಳಿಗೆ ಯಂತ್ರ ಬಂದದ್ದು ಈ ಚೌಕಟ್ಟಿನೊಳಗೆ. 1980–90ರ ದಶಕಗಳಲ್ಲಿ ವೀಡಿಯೋಕಾನ್, ಬಿಪಿಎಲ್ ಹೆಸರುಗಳು. ಆಮೇಲೆ 1995ರಲ್ಲಿ ಸ್ಯಾಮ್‌ಸಂಗ್, 1997ರಲ್ಲಿ ಎಲ್‌ಜಿ ಭಾರತಕ್ಕೆ ಬಂದವು. ವೀಡಿಯೋಕಾನ್ 2018ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಬರೆದುಕೊಟ್ಟ ಕಂಪನಿಯೇ ಉಳಿಯದಿದ್ದರೆ ವಾರಂಟಿ ಕಾರ್ಡಿನ ಗತಿ ಏನು ಅನ್ನುವುದನ್ನು ಅಲ್ಲಿಂದ ಯೋಚಿಸಬಹುದು. ಹೆಸರು ದೊಡ್ಡದಿರುವುದೂ ಬಾಳುವುದೂ ಬೇರೆ ಬೇರೆ.

೫. ಗಡಿ ದಾಟಿದ ಬಿಲ್ಲು

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದದ್ದು ಮೈಸೂರಿಗೆ. ಕಚೇರಿ ಕರ್ನೂಲಿಗೆ ಹೋಯಿತು. ನೆಂಟಸ್ತನ ಮಾತ್ರ ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಕಡೆಗೇ ಉಳಿಯಿತು. ಮದುವೆಗೆ ಅಂತ ಹೋದವರು ಅಲ್ಲೇ ಸಾಮಾನು ಕೊಂಡು ತರುವುದು ನಮ್ಮ ಕಡೆ ಮಾಮೂಲು.

ನಮ್ಮ ಮನೆಯದೇ ಉದಾಹರಣೆ. ಗಡಿಯಾಚೆಯ ಒಂದು ಅಂಗಡಿಯಿಂದ ತಂದ ಮೆಷಿನ್ ಮೂರನೇ ವಾರಕ್ಕೆ ಹಿಂಡುವಾಗ ಕುಣಿಯತೊಡಗಿತು. ಅಂಗಡಿಯವರು "ಕಂಪನಿಗೆ ಹೇಳಿ" ಅಂದರು. ಕಂಪನಿಯವರು "ನಿಮ್ಮ ಪಿನ್‌ಕೋಡ್ ಬೇರೆ ರಾಜ್ಯದ್ದು, ಅಲ್ಲಿನ ಸೆಂಟರ್‌ಗೆ ಹೇಳಿ" ಅಂದರು. ಸೆಂಟರ್‌ನವರು "ಬಿಲ್ ಇಲ್ಲಿಯದಲ್ಲ" ಅಂದರು. ನಮ್ಮಮ್ಮ ಅಷ್ಟು ದಿನವೂ ಕಲ್ಲಿನ ಮೇಲೆ ಕೈಯಲ್ಲೇ ಒಗೆದರು. ಈ ಮೂರು ಮಾತಿನಲ್ಲೂ ಸುಳ್ಳಿಲ್ಲ, ಆದರೂ ಹೊಣೆ ಯಾರದ್ದೂ ಅಲ್ಲ ಅಂತಾಯಿತು.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ಎದುರುದಾರನು ಇರುವ, ವ್ಯಾಪಾರ ಮಾಡುವ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಕಡೆ ಕೊಡಬೇಕಿತ್ತು. ಬಳ್ಳಾರಿಯ ಅಂಗಡಿಯ ಮೇಲೆ ದೂರು ಅಂದರೆ ಸಾಮಾನ್ಯವಾಗಿ ಬಳ್ಳಾರಿಗೇ ಓಡಾಡಬೇಕು. ಕೂಲಿ ಬಿಟ್ಟು ನಾಲ್ಕು ಸಲ ಹೋದರೆ ಯಂತ್ರದ ಬೆಲೆಯ ಒಂದು ಪಾಲು ಅಲ್ಲೇ ಕರಗುತ್ತದೆ. 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆ ಇದನ್ನು ಬದಲಿಸಿತು. ಗ್ರಾಹಕರು ತಾವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಎಮ್ಮಿಗನೂರಿನವರಿಗೆ ಅದು ಕರ್ನೂಲಿನ ಜಿಲ್ಲಾ ಆಯೋಗ. ಆನ್‌ಲೈನ್ ಮೂಲಕ ಮನೆಯಿಂದಲೇ ಸಲ್ಲಿಸಬಹುದು, ವಿಡಿಯೋ ಮೂಲಕ ವಿಚಾರಣೆ ಕೋರಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು.

ಮೊದಲು ಕೇಳಿದ ಮೂರು ಪ್ರಶ್ನೆಗಳಿಗೆ ಈಗ ಉತ್ತರ ಹೀಗೆ. ದಿನ: ದೋಷದ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದಲ್ಲಿ ವಾಪಸ್ ಪಡೆದು ಹಣ ಮರಳಿಸಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಪರೀಕ್ಷೆ: ನೋಡಿದೊಡನೆ ದೋಷ ತಿಳಿಯದಿದ್ದರೆ ಆಯೋಗ ಪ್ರಯೋಗಾಲಯಕ್ಕೆ ಕಳಿಸಬಹುದು. ಜಾಗ: ನಿಮ್ಮದೇ ಜಿಲ್ಲೆ. ಸ್ಮೃತಿಯ ನಂತರ ಕಳೆದುಹೋಗಿದ್ದ ದಿನಲೆಕ್ಕ ಮರಳಿ ಬಂದಿದೆ, ಈ ಸಲ ಮನುಷ್ಯರನ್ನು ಸರಕಿನ ಪಟ್ಟಿಗೆ ಸೇರಿಸದೆ. ಉಳಿದಿರುವುದು ಭಾಷೆ. ಗಡಿಯ ಕನ್ನಡದ ಮನೆಗೆ ಬರುವ ವಾರಂಟಿ ಕಾರ್ಡು ಬಹುತೇಕ ಇಂಗ್ಲಿಷಿನಲ್ಲಿ, ಸುತ್ತಲ ಆಡಳಿತ ತೆಲುಗಿನಲ್ಲಿ. ಹಕ್ಕು ಹತ್ತಿರ ಬಂದಿದೆ, ಅದನ್ನು ಓದಿಕೊಳ್ಳುವ ದಾರಿ ಇನ್ನೂ ದೂರ. ನಮ್ಮಂಥ ಕನ್ನಡ ವಿದ್ಯಾರ್ಥಿಗಳು ಅನುವಾದ ಅಂತ ಕಲಿಯುವುದಕ್ಕೆ ಇಲ್ಲಿ ಕೆಲಸ ಇದೆ.

ಚರ್ಚೆ

ಸಹಪಾಠಿಯೊಬ್ಬರು: ಎಲ್ಲ ಸರಿ, ಕೊನೆಗೆ ಯಾವ ಬ್ರಾಂಡ್ ತಗೋಬೇಕು?

ಉತ್ತರ: ನಿಮ್ಮ ಊರಿನ ನೀರನ್ನು ಮೊದಲು ಕೇಳಿ ಅಂತೀನಿ. ಗಡಸು ಬೋರ್ ನೀರಾದರೆ ಬಿಸಿ ಮಾಡುವ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ. ಕಾಲುವೆಯ ಕೆಸರು ನೀರಾದರೆ ನೀರು ಒಳಹೋಗುವ ಜಾಳಿಗೆ ಮುಚ್ಚಿಕೊಳ್ಳುತ್ತದೆ. ಯಾವ ಹೆಸರಿದ್ದರೂ ಇದು ತಪ್ಪಿದ್ದಲ್ಲ. ಆಮೇಲೆ ಸರ್ವಿಸ್ ಸೆಂಟರ್ ಎಷ್ಟು ಹತ್ತಿರ ಇದೆ, 'ಮೋಟರಿಗೆ 10 ವರ್ಷ' ಅಂದರೆ ಉಳಿದ ಭಾಗಗಳಿಗೆ ಎಷ್ಟು ವರ್ಷ, ಇದನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ತೊಂದರೆ ಆದ ದಿನವೇ ಬರಹದಲ್ಲಿ ತಿಳಿಸಿ, ನಂಬರ್ ಇಟ್ಟುಕೊಳ್ಳಿ. ಸಹಾಯವಾಣಿ 1915.

ಮೇಡಂ ಒಬ್ಬರು: ಮಿತಾಕ್ಷರೆಯೇ ಇವತ್ತಿನ ಕಾಯ್ದೆಯ ಪೂರ್ವಜ ಅನ್ನುತ್ತಿದ್ದೀರಾ?

ಉತ್ತರ: ಇಲ್ಲ ಮೇಡಂ. 1930ರ ಕಾಯ್ದೆ 1893ರ ಇಂಗ್ಲೆಂಡಿನ ಕಾಯ್ದೆಯ ಮಾದರಿಯದು. ಬ್ರಿಟಿಷ್ ಕಾಲದ ಕೋರ್ಟುಗಳಲ್ಲಿ ಮಿತಾಕ್ಷರಾ ಉಳಿದದ್ದು ಮುಖ್ಯವಾಗಿ ಆಸ್ತಿಯ ಪಾಲಿನ ವಿಷಯದಲ್ಲಿ, ಮಾರಾಟದಲ್ಲಿ ಅಲ್ಲ. ವಂಶಾವಳಿ ಹೇಳುವುದು ನನ್ನ ಉದ್ದೇಶ ಅಲ್ಲ. ಕೊಂಡವರಿಗೆ ಬೇಸರ ಪಡುವ ಹಕ್ಕಿದೆ, ಆ ಬೇಸರಕ್ಕೆ ಒಂದು ದಿನಾಂಕ, ಒಬ್ಬ ಪರೀಕ್ಷಕ, ಒಂದು ವಿಳಾಸ ಬೇಕು ಅನ್ನುವುದನ್ನು ಬೇರೆ ಬೇರೆ ಕಾಲದವರು ಬೇರೆ ಬೇರೆಯಾಗಿ ಕಂಡುಕೊಂಡಿದ್ದಾರೆ. ಎಮ್ಮಿಗನೂರಿನಲ್ಲಿ 1953ರಿಂದ 2020ರವರೆಗೆ ಸುಲಭವಾಗಿ ಸಿಗದೇ ಇದ್ದದ್ದು ಆ ವಿಳಾಸ.